ಬಿಳಿ ಪೊರೆಯ ಕೆಳಗೆ

ಹಿತ್ತಲಂಗಳದ ನೆಲ ಕೆಟ್ಟದ್ದು ಯಜಮಾನರ ಕೈಯಿಂದಲೇ. ಹೆಂಡತಿ ತೀರಿಕೊಂಡ ತಿಂಗಳಿಗೆ ಅವರು ಸುಟ್ಟ ಮಣ್ಣಿನ ಬಿಲ್ಲೆಗಳನ್ನೆಲ್ಲ ತಿಕ್ಕಿ ತೊಳೆದು, ಒಣಗುವುದಕ್ಕೂ ಬಿಡದೆ, ಅಂದು ಸಂಜೆಯೇ ನೀರು ಇಳಿಯದಂತೆ ತಡೆಯುವ ಸೀಲರ್ ಬಳಿದಿದ್ದರು. ಮೂವತ್ತು ವರ್ಷ ಅವಳ ಹೊಲಿಗೆ ಯಂತ್ರ ಅಲ್ಲಿ ನಿಂತಿತ್ತು. ಅದರಿಂದ ತೊಟ್ಟಿಕ್ಕಿದ ಎಣ್ಣೆ ಎರಡು ಬಿಲ್ಲೆಗಳ ಮೇಲೆ ಅಂಗೈಯಗಲದ ಕಲೆಯಾಗಿತ್ತು. ಆ ಕಲೆ ಸವೆದುಹೋಗದಿರಲಿ ಎಂಬುದಷ್ಟೇ ಅವರ ಆಸೆ. ವಾರದೊಳಗೆ ನೆಲವೆಲ್ಲ ಸುಣ್ಣ ಚೆಲ್ಲಿದಂತೆ ಬೆಳ್ಳಗಾಗಿ, ಕಲೆಯೇ ಮುಚ್ಚಿಹೋಯಿತು.

ಕೊನೆಗೆ ಮಗಳು ನೆಲದ ಮೇಸ್ತ್ರಿಯನ್ನು ಕರೆಸಿದಳು. ಅವನು ಮಂಡಿಯೂರಿ, ಉಗುರಿನಿಂದ ಕೆರೆದು ನೋಡಿದ.

"ತೊಳೆದು ಎಷ್ಟು ದಿನ ಬಿಟ್ಟು ಬಳಿದ್ರಿ, ಯಜಮಾನ್ರೇ?"

"ದಿನ ಎಲ್ಲಿ ಬಂತು. ಅವತ್ತೇ."

"ಒದ್ದೆ ಬಟ್ಟೆ ಮಡಚಿ ಪೆಟ್ಟಿಗೇಲಿ ಇಟ್ಟ ಹಾಗಾಯ್ತು. ಒಳಗಿನ ನೀರಿಗೆ ಹೊರಗೆ ಬರೋಕೆ ದಾರಿ ಇಲ್ಲ, ಪಾಪ."

"ಅಪ್ಪನ ಕೈಗೆ ಬ್ರಷ್ ಕೊಟ್ರೆ ಗೋಡೆ ಮೇಲಿನ ಹಲ್ಲಿಗೂ ಬಳೀತಾರೆ," ಎಂದಳು ಮಗಳು.

ಯಜಮಾನರು ನಗಲಿಲ್ಲ. "ಈ ಪೊರೆ ತೆಗೆದ್ರೆ ಕೆಳಗಿರೋ ಇವಳಮ್ಮನ ಮಿಷನ್ನಿನ ಎಣ್ಣೆ ಕಲೆಯೂ ಹೋಗುತ್ತೇನಪ್ಪ?"

"ಸುಳ್ಳು ಹೇಳಲ್ಲ. ಮೇಲ್ಮೇಲೆ ಇದ್ರೆ ಹೋಗುತ್ತೆ. ಆಳಕ್ಕೆ ಇಳಿದಿದ್ರೆ ನಾನು ತಿಪ್ಪರಲಾಗ ಹಾಕಿದ್ರೂ ಹೋಗಲ್ಲ. ಕಲೆ ಹೋಗ್ಲಿ ಅನ್ನೋರನ್ನ ನೋಡಿದ್ದೀನಿ, ಇರಲಿ ಅಂದವ್ರು ನೀವೇ ಮೊದಲು."

"ಆ ಎರಡು ಬಿಲ್ಲೆ ಬಿಟ್ಟುಬಿಟ್ರೆ?"

"ಬೆಳ್ಳಗೇ ಇರುತ್ತೆ. ಇದ್ದೂ ಇಲ್ಲದ ಹಾಗೆ."

ಯಜಮಾನರು ಕಣ್ಣು ಮುಚ್ಚಿದರು. ನನ್ನ ಆತುರದ ತಪ್ಪನ್ನು ಅವಳ ಗುರುತಿನ ಮೇಲೆ ಹಾಕಬೇಡ, ದೇವರೇ, ಎಂದು ಮನಸ್ಸಿನಲ್ಲೇ ಬೇಡಿಕೊಂಡು, "ಮಾಡಪ್ಪ," ಎಂದರು.

ಮೇಸ್ತ್ರಿ ಸೀಲರ್ ಕರಗಿಸುವ ಮದ್ದು ಹಚ್ಚಿ, ಅರ್ಧ ಗಂಟೆ ಬಿಟ್ಟು ಉಜ್ಜಿದಾಗ ಪೊರೆ ಕೆನೆಯಂತೆ ಎದ್ದು ಬಂತು. ಆದರೆ ತೊಳೆದ ನೆಲವೆಲ್ಲ ಒದ್ದೆಯಾಗಿ ಒಂದೇ ಕಡುಗೆಂಪು. ಕಲೆ ಉಳಿದಿದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ.

"ನಾಲ್ಕು ದಿನ ಒಣಗ್ಲಿ," ಎಂದು ಮೇಸ್ತ್ರಿ ಹೊರಟುಹೋದ.

ನಾಲ್ಕು ದಿನವೂ ಯಜಮಾನರ ಬೆಳಗಿನ ಪ್ರಾರ್ಥನೆ ಹಿತ್ತಲ ಹೊಸ್ತಿಲಲ್ಲೇ ಆಯಿತು. ನೆಲ ದಿನದಿಂದ ದಿನಕ್ಕೆ ತಿಳಿಯಾಯಿತು. ಮೂರನೆಯ ದಿನ ಒಂದು ಕಡೆ ಮಸಕಾಗಿ ಏನೋ ಕಂಡಿತು. ಆರದ ತೇವವಿರಬೇಕು, ಆಸೆಪಟ್ಟ ಕಣ್ಣಿಗೆ ಹಾಗೆ ಕಾಣುತ್ತದೆ, ಎಂದು ಮಗಳಿಗೂ ಹೇಳದೆ ಸುಮ್ಮನಾದರು.

ಐದನೆಯ ದಿನ ಮೇಸ್ತ್ರಿ ಬಂದವನೇ ನೆಲಕ್ಕೆ ನೀರು ಚಿಮುಕಿಸಿದ. ಬಿಲ್ಲೆಗಳು ಬಾಯಾರಿದವರಂತೆ ಅದನ್ನು ಹೀರಿಕೊಂಡವು. ಒಂದೇ ಒಂದು ಕಡೆ ಹನಿಗಳು ಮಣಿಗಳಂತೆ ದುಂಡಗೆ ನಿಂತವು.

"ಇಲ್ಲಿ ಬನ್ನಿ ಯಜಮಾನ್ರೇ. ಎಣ್ಣೆ ಆಳಕ್ಕೆ ಕೂತಿದೆ, ನೀರನ್ನೇ ಒಳಗೆ ಬಿಡ್ತಿಲ್ಲ. ಅಮ್ಮನೋರು ಇಷ್ಟು ಜಾಗ ಸೀಲ್ ಮಾಡಿಟ್ಟು ನನ್ನ ಕೆಲಸ ಹಗುರ ಮಾಡಿದ್ದಾರೆ."

ಯಜಮಾನರು ನಿಧಾನವಾಗಿ ಕುಳಿತು ಒಂದು ಹನಿಯನ್ನು ಬೆರಳಿನಿಂದ ಮುಟ್ಟಿದರು. ಅದು ಪಕ್ಕಕ್ಕೆ ಉರುಳಿತು.

ಮೇಸ್ತ್ರಿ ತೆಳುವಾಗಿ ಸೀಲರ್ ಬಳಿಯತೊಡಗಿದಾಗ ಯಜಮಾನರು ಕೈಚಾಚಿ, "ನನಗೂ ಒಂದು ಬ್ರಷ್ ಕೊಡಪ್ಪ," ಎಂದರು.

"ಅಪ್ಪಾ," ಎಂದಳು ಮಗಳು.

"ಒಣಗಿದೆಯಲ್ಲಮ್ಮ ಈಗ."

"ಸರಿ, ಹಲ್ಲಿ ನೋಡ್ಕೊಂಡು ಬಳೀರಿ. ಇದು ಒಣಗಿದ ಮೇಲೆ ಅಮ್ಮನ ಮಿಷನ್ ಹೊರಗೆ ತರ್ತೀನಿ. ನನಗೂ ಹೊಲಿಗೆ ಕೈಗೆ ಹತ್ತಬೇಕು. ಎಲ್ಲಿಡ್ಲಿ?"

"ಇನ್ನೆಲ್ಲಿ," ಎಂದು ಯಜಮಾನರು ಬ್ರಷ್ಷಿನ ಹಿಡಿಯಿಂದ ಆ ಎರಡು ಬಿಲ್ಲೆಗಳನ್ನು ತೋರಿಸಿದರು.