ಗುರುತು ಹಾಕದೆ ತಿರುವಿದ ತಿರುಪು

ಅಮಾತೆಪ್ಪನವರ ಹಳೆಯ ಸಿಡಿ ಪ್ಲೇಯರ್ ಹಾಡಿನ ನಡುವೆ ತಡವರಿಸುತ್ತಿತ್ತು, ಅಷ್ಟೇ. ಇಳಕಲ್ಲಿನಲ್ಲಿ ಅವರದು ನಾಲ್ಕು ಕೈಮಗ್ಗಗಳ ಮನೆ. ನೇಯುವವರಿಗೆ ಹಾಡು ಬೇಕು. ರಿಪೇರಿಗೆಂದು ನನ್ನ ಅಂಗಡಿಗೆ ತಂದಿಟ್ಟಿದ್ದರು. ನಾನು ಮೊದಲು ಲೆನ್ಸ್ ಒರೆಸಿ ನೋಡಬೇಕಿತ್ತು. ಅದನ್ನು ಬಿಟ್ಟು ಲೇಸರಿನ ಬದಿಯಲ್ಲಿದ್ದ ಸಾಸಿವೆ ಕಾಳಿನಷ್ಟು ತಿರುಪಿಗೆ ಕೈಹಾಕಿದೆ. ಅದು ಲೇಸರಿನ ಬೆಳಕು ಹೆಚ್ಚಿಸುವ ತಿರುಪು. ತಿರುವುವ ಮುಂಚೆ ಅದಿದ್ದ ಜಾಗಕ್ಕೆ ಗುರುತು ಹಾಕಬೇಕೆಂದು ಬಾಗಲಕೋಟೆಯಲ್ಲಿ ರಿಪೇರಿ ಕಲಿತ ಸಂಜೆ ಕ್ಲಾಸಿನಲ್ಲಿ ನಾನೇ ಬರೆದುಕೊಂಡಿದ್ದೆ, ಕೆಳಗೆ ಗೆರೆ ಎಳೆದು. ಎರಡನೇ ಸಲ ತಿರುವಿದಾಗ ಹಾಡು ನಿಂತಿತು. ಲೇಸರ್ ಸುಟ್ಟುಹೋಗಿತ್ತು.

ಅಮಾತೆಪ್ಪನವರು ಅಂಗಡಿಗೆ ಬಂದಾಗ, "ಲೇಸರ್ ಹೋಗೇತ್ರಿ ಕಾಕಾ" ಎಂದೆ.

"ಹೋಗ್ದ ಏನ್ಮಾಡೀತು! ಮೊನ್ನೆ ನಮ್ಮಾಕಿ ಸೆರಗಿಲೆ ಅದರ ಕಣ್ಣು ವರಿಸಿದ್ಲು. ಅದಕ್ಕ ಹೋತೇನು?"

ಅಲ್ಲ ಅನ್ನಲು ಬಾಯಿ ತೆರೆದೆ. "ಹಂಗೂ ಆಗ್ತೈತ್ರಿ" ಅಂದುಬಿಟ್ಟೆ.

ಬಾಗಲಕೋಟೆಯ ಗುಜರಿಯಲ್ಲಿ ಹುಡುಕಿ, ಕೆಟ್ಟ ಪ್ಲೇಯರೊಂದರಿಂದ ಲೇಸರ್ ಬಿಚ್ಚಿ ತಂದೆ. ಈ ಸಲ ಸೂಜಿಯಿಂದ ಗುರುತು ಕೊರೆದೆ, ಕೂದಲೆಳೆಯಷ್ಟೇ ತಿರುವಿದೆ, ಇಡೀ ಸಿಡಿ ಕೂತು ಕೇಳಿದೆ. ಎಲ್ಲೂ ತಡವರಿಸಲಿಲ್ಲ. ಆದರೂ ಅವರ ಮನೆಗೆ ಒಯ್ಯಲು ಎರಡು ದಿನ ತಡಮಾಡಿದೆ.

ಮಗ್ಗದ ಪಡಸಾಲೆಯಲ್ಲಿ ಹಾಡು ಹಚ್ಚಿದೆ. ಅಮಾತೆಪ್ಪನವರ ಹೆಂಡತಿ ಇಂದ್ರವ್ವ ನೀರು ತಂದರು. ನೇಯುತ್ತಿದ್ದವನೊಬ್ಬ ಕೂತಲ್ಲಿಂದಲೇ ಕೂಗಿದ.

"ಇಂದ್ರವ್ವಾ, ದೂರ ನಿಂದ್ರಬೇ! ನಿನ್ನ ಸೆರಗು ತಾಗಿ ಮತ್ತ ಸುಟ್ಟೀತು!"

ಎಲ್ಲರೂ ನಕ್ಕರು. ಅಮಾತೆಪ್ಪನವರೂ ನಕ್ಕರು. ಇಂದ್ರವ್ವ ಸೆರಗನ್ನು ನಡುವಿಗೆ ಸಿಕ್ಕಿಸಿಕೊಂಡು ಒಳಗೆ ಹೋದರು. ನಾನೂ ಅಡುಗೆಮನೆಯ ಬಾಗಿಲವರೆಗೆ ಹೋದೆ.

"ಕಾಕು, ಅದು ನಿಮ್ಮಿಂದ ಕೆಟ್ಟಿಲ್ರಿ. ನಾನ ಸುಟ್ಟೇನಿ. ಕಾಕಾಗ ಸುಳ್ಳ ಹೇಳಿದೆ."

"ಖರೇನ?"

"ಖರೇರಿ. ತಪ್ಪಾತು."

ಅವರು ಚಹಾದ ಪಾತ್ರೆ ಇಳಿಸಿ ನನ್ನನ್ನು ನೋಡಿದರು. "ಮತ್ತ ಇಲ್ಲಿ ನಿಂತು ಯಾಕ ಹೇಳ್ತೀಪಾ? ನಕ್ಕವರು ಅಡಗಿಮನ್ಯಾಗ ಅದಾರೇನು?"

ಚಪ್ಪಲಿ ಹಾಕಿಕೊಂಡು ಹೋಗಿಬಿಡಲೇ ಎಂದೂ ಅನಿಸಿತು. ಪಡಸಾಲೆಗೆ ಬಂದು ಹಾಡು ಬಂದ್ ಮಾಡಿದೆ. ಒಂದೊಂದಾಗಿ ಮಗ್ಗಗಳ ಸಪ್ಪಳವೂ ನಿಂತಿತು.

"ಮತ್ತ ಕೆಡ್ತೇನ್ಲೇ ಅನೀಲ?" ಎಂದರು ಅಮಾತೆಪ್ಪ.

"ಇಲ್ರಿ ಕಾಕಾ. ಮೊದಲ ಕೆಟ್ಟಿದ್ದು... ಅದು ನನ್ನ ಕೈಲೆ ಕೆಟ್ಟಿದ್ದು."

ನಾನು ಗೊಣಗಿದ್ದು ಯಾರಿಗೂ ಕೇಳಿಸಿದಂತೆ ಕಾಣಲಿಲ್ಲ.

"ಜೋರಾಗಿ ಹೇಳು" ಎಂದರು ಇಂದ್ರವ್ವ, ನನ್ನ ಹಿಂದೆ ಬಂದು ನಿಂತು.

ಜೋರಾಗಿ ಹೇಳಿದೆ.