ದೋಣಿ ಎಳೆಯುವ ಗಾಡಿ

ಷೋರೂಮಿನ ಗಾಜಿನ ಬಾಗಿಲು ತಾನಾಗಿ ತೆರೆದುಕೊಂಡಿತು. ಅದು ತೆರೆದದ್ದು ತನ್ನ ಗತ್ತಿಗೆ ಹೆದರಿಯೇ ಎಂಬಂತೆ ಭಾವ ಎದೆ ಉಬ್ಬಿಸಿಕೊಂಡು ಒಳಗೆ ಕಾಲಿಟ್ಟ. ಅವನ ಹಿಂದೆ ಅವನ ತಮ್ಮ, ಅಂದರೆ ಟ್ಯಾಂಕಕ್ಕನ ಗಂಡ. ಅವರಿಬ್ಬರ ಹಿಂದೆ ಟ್ಯಾಂಕಕ್ಕ. ಪಿಕಪ್ ಬೇಕಾದದ್ದು ಅವಳಿಗೆ, ಅದಕ್ಕೆ ದುಡಿದು ಕೂಡಿಟ್ಟವಳು ಅವಳು. ಆದರೆ ಗಾಡಿ ಆರಿಸುವುದು ಗಂಡಸರ ಕೆಲಸ ಎಂದು ಮನೆಯಲ್ಲಿ ಬೆಳಿಗ್ಗೆಯೇ ತೀರ್ಮಾನವಾಗಿತ್ತು. ಇಂಥ ತೀರ್ಮಾನಕ್ಕೆ ಆ ಮನೆಯಲ್ಲಿ ಸಭೆ ಸೇರಬೇಕಾಗಿರಲಿಲ್ಲ. ಅಣ್ಣ ಕೆಮ್ಮುತ್ತಿದ್ದ, ತಮ್ಮ ತಲೆಯಾಡಿಸುತ್ತಿದ್ದ, ಮುಗಿಯಿತು.

ಟ್ಯಾಂಕಕ್ಕ ಎಂಬುದು ಕಟ್ಟಡ ಕೆಲಸದ ಹೆಂಗಸರು ಅವಳಿಗಿಟ್ಟ ಹೆಸರು. ಹೊಸ ಕಟ್ಟಡ ಏಳುವ ಕಡೆ ಅವಳ ಟ್ರೇಲರ್ ಹೋಗಿ ನಿಲ್ಲುತ್ತಿತ್ತು: ಮೇಲೆ ಸಾಲಾಗಿ ಮೂರು ಕಕ್ಕಸು, ಅಡಿಯಲ್ಲಿ ಒಂದು ಟ್ಯಾಂಕು. ತುಂಬಿದಾಗ ಎಳೆದೊಯ್ದು ಖಾಲಿ ಮಾಡಿ, ತೊಳೆದು, ತಿರುಗಿ ತಂದು ನಿಲ್ಲಿಸುವುದು ಅವಳ ಕಸುಬು. ಕಳೆದ ವಾರ ಹಾಗೆ ತೊಳೆದು ಶೆಡ್ಡಿಗೆ ಸೇರಿಸುವಷ್ಟರಲ್ಲಿ ಹಳೆಯ ಪಿಕಪ್ಪಿನ ಎಂಜಿನ್ ಸುಟ್ಟುಹೋಯಿತು. ಅಂದಿನಿಂದ ಟ್ರೇಲರ್ ಶೆಡ್ಡಿನಲ್ಲಿ, ಕೆಲಸದ ಹೆಂಗಸರು ಬೆಳಕು ಹರಿಯುವ ಮುಂಚೆ ಇಟ್ಟಿಗೆ ರಾಶಿಯ ಹಿಂದೆ. ಒಂದೊಂದು ಮನೆಗೂ ಮೂರು ಮೂರು ಬಚ್ಚಲಿರುವ ಕಟ್ಟಡಕ್ಕೆ ಇಟ್ಟಿಗೆ ಹೊರುವವರಿಗೆ ತಮ್ಮದೆನ್ನಲು ಒಂದು ಮರೆಯಿಲ್ಲ. ಹೇಳಿದರೆ ಗುತ್ತಿಗೆದಾರ, "ಅವರು ಹೆಂಗೋ ಅಡ್ಜಸ್ಟ್ ಮಾಡ್ಕೋತಾರೆ ಬಿಡಿ" ಎಂದಿದ್ದ. ನಿನ್ನ ಹೊಟ್ಟೆ ಕೆಟ್ಟ ದಿನ ನೀನು ಅಡ್ಜಸ್ಟ್ ಮಾಡ್ಕೋ ನೋಡೋಣ ಎಂದು ಅವಳು ಅವನ ಮುಖಕ್ಕೇ ಹೇಳಿ ಬಂದಿದ್ದಳು.

ಈಗ ಒಂದೇ ಗಾಡಿಗೆ ಮೂರು ಆಸೆ ಗಂಟುಬಿದ್ದಿದ್ದವು. ಗಂಡನಿಗೆ ಅದರಲ್ಲಿ ದಿನಾ ಆಫೀಸಿಗೆ ಹೋಗಿ ಸಾಹೇಬನ ಕಾರಿನ ಪಕ್ಕ ನಿಲ್ಲಿಸಬೇಕು. ಭಾವನಿಗೆ ರಜೆ ಬಂತೆಂದರೆ ಸ್ನೇಹಿತರನ್ನು ತುಂಬಿಕೊಂಡು ಕಾಡು, ಬೆಟ್ಟ, ಕೆರೆಯ ದಂಡೆ ಎಂದು ಡೇರೆ ಹೊಡೆಯಲು ಹೋಗಬೇಕು. ತನ್ನ ಗಾಡಿಗೆ ಗೀರು ಬೀಳದ ಹಾಗೆ ತಮ್ಮನ ಗಾಡಿಯಲ್ಲಿ. ಟ್ರೇಲರ್ ಎಳೆಯುವುದು ಮಿಕ್ಕ ಹೊತ್ತಿನಲ್ಲಿ. ಮಿಕ್ಕ ಹೊತ್ತು ಯಾವುದು ಎಂದು ಅವಳು ಕೇಳಿದ್ದಕ್ಕೆ ಗಂಡ ಮುದ್ದು ಮಾಡುವವನ ದನಿಯಲ್ಲಿ, "ಇನ್ನೂ ಎಷ್ಟು ದಿನ ಆ ಹೊಲಸು ಎಳ್ಕೊಂಡು ತಿರುಗ್ತೀಯೇ? ದೊಡ್ಡ ಗಾಡಿ ಬರಲಿ, ನಿನ್ನ ಕೈಗೆ ಹೇಗೂ ಬಗ್ಗಲ್ಲ. ಆರಾಮಾಗಿ ಮನೇಲಿರು" ಎಂದಿದ್ದ. ಆಫೀಸಿನ ನೆರಳಲ್ಲಿ ಸಂಜೆವರೆಗೆ ಗಾಡಿ ನಿಂತರೆ ಅವಳ ಕಸುಬು ಅಲ್ಲಿಗೆ ಮುಗಿಯಿತು. ಇದು ಅವನಿಗೆ ಗೊತ್ತಿಲ್ಲದ್ದಲ್ಲ. ಆ ಹೊಲಸು ಇಸ್ತ್ರಿಯಾಗಿ ಅವನ ಮೈಮೇಲೆ ಅಂಗಿಯಾಗಿ ಕೂತಿರುವುದು ಮಾತ್ರ ಅವನಿಗೆ ಎಂದೂ ನಾತ ಹೊಡೆದಿರಲಿಲ್ಲ.

ಭಾವನನ್ನು ಕರೆತಂದದ್ದು ಅವನು ಪಿಕಪ್ ಬಲ್ಲವನೆಂದು. ಅವನದ್ದೊಂದು ಭಾರಿ ಗಾಡಿ ಹೊರಗೆ ಎರಡು ಗಾಡಿಯ ಜಾಗ ಹಿಡಿದು ನಿಂತಿತ್ತು. ಅದು ಈವರೆಗೆ ಹೊತ್ತ ಅತಿ ದೊಡ್ಡ ಭಾರವೆಂದರೆ ಒಂದು ಮಡಚುವ ಕುರ್ಚಿ. ಬೆನ್ನಿಗೆ 'ಆಫ್ ರೋಡ್' ಎಂದು ಬರೆಸಿದ್ದ. ರಸ್ತೆ ಬಿಟ್ಟು ಹೋದದ್ದೆಂದರೆ ಪಾರ್ಕಿಂಗ್ ಸಿಗದೆ ಒಮ್ಮೆ ಫುಟ್‌ಪಾತ್ ಹತ್ತಿಸಿದ್ದು.

ಟೈ ಕಟ್ಟಿದ ಮಾರಾಟಗಾರ ಓಡಿಬಂದ. "ಬನ್ನಿ ಸಾರ್, ಬನ್ನಿ. ಮೇಡಂ, ನೀವು ಸೋಫಾದಲ್ಲಿ ಕೂತಿರಿ, ಕಾಫಿ ಕಳಿಸ್ತೀನಿ."

"ನಾನು ಕಾಫಿಗೆ ಬಂದಿಲ್ಲ. ಗಾಡಿ ನೋಡೋಕೆ ಬಂದಿರೋದು."

"ಬಣ್ಣ ಆರಿಸೋವಾಗ ಕರೀತೀನಿ ಮೇಡಂ" ಎಂದು ಹಲ್ಲು ಕಿರಿದು ಅವನು ಗಂಡಸರ ಕಡೆ ತಿರುಗಿದ. ಅವಳು ಕೂರಲಿಲ್ಲ.

"ನೋಡಿ ಸಾರ್, ಮೂರು ಗಾತ್ರ. ಚಿಕ್ಕದು ಊರೊಳಗಿನ ಓಡಾಟಕ್ಕೆ. ಸಂದೀಲೂ ನುಗ್ಗತ್ತೆ, ಡೀಸೆಲ್ಲೂ ಕಮ್ಮಿ ಕುಡಿಯತ್ತೆ. ಮಧ್ಯಮದ್ದು ಎಲ್ಲಕ್ಕೂ ಆಗತ್ತೆ. ಇನ್ನು ದೊಡ್ಡದು..." ಅವನು ಕಣ್ಣು ಅರೆಮುಚ್ಚಿದ. "ಅದನ್ನ ನಾನು ವಿವರಿಸೋದಲ್ಲ ಸಾರ್, ನೀವು ಹತ್ತಿ ಕೂರೋದು."

"ಹಂಗನ್ನು!" ಎಂದ ಭಾವ. "ಆ ಸಣ್ಣ ಪುಟ್ಟದ್ದೆಲ್ಲ ತರಕಾರಿ ಮಾರೋರಿಗೆ. ಗಂಡಸು ಕೂರೋ ಗಾಡಿ ತೋರ್ಸಪ್ಪ."

"ಎಳೆಯೋದೇನಾದ್ರೂ ಇದೆಯಾ ಸಾರ್? ಟ್ರೇಲರ್, ಗೀಲರ್?"

ಗಂಡ ಒಮ್ಮೆ ಹೆಂಡತಿಯ ಕಡೆ ನೋಡಿದ. ಒಮ್ಮೆ ನೆಲ ನೋಡಿದ. ನೆಲದಲ್ಲಿ ಅವನದೇ ಮುಖ ಹೊಳೆಯುತ್ತಿತ್ತು.

"ದೋಣಿ" ಎಂದ.

ಟ್ಯಾಂಕಕ್ಕನಿಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು. ದೋಣಿಯಂತೆ! ಈಜು ಬಾರದ, ಮೊಣಕಾಲುದ್ದದ ನೀರು ಕಂಡರೆ ಪ್ಯಾಂಟು ಮಡಚಿಕೊಂಡು ದಡದಲ್ಲೇ ಕೂರುವ ಪ್ರಾಣಿಗೆ ದೋಣಿ.

"ಅರೆ, ಬೋಟಾ ಸಾರ್! ಎಷ್ಟು ಜನ ಕೂರೋದು?"

"ಆರು ಜನ" ಎಂದ ಗಂಡ.

"ಎಂಟು ಕೂರಬಹುದು" ಎಂದ ಭಾವ, ತಮ್ಮ ಕಟ್ಟಿದ ಸುಳ್ಳಿಗೆ ಅಟ್ಟ ಏರಿಸುತ್ತ.

"ಮೋಟಾರ್ ಒಂದಾ, ಎರಡಾ?"

"ಎರಡು. ಮೇಲೆ ನೆರಳೂ ಇದೆ. ಫ್ರಿಜ್ಜೂ ಇಟ್ಕೊಂಡಿದೀವಿ" ಎಂದ ಭಾವ.

ನಿಂತ ನಿಲುವಿನಲ್ಲೇ ದೋಣಿಗೆ ಸೂರು ಬಂತು, ಫ್ರಿಜ್ಜು ಬಂತು. ಇನ್ನೊಂದು ಗಳಿಗೆ ಬಿಟ್ಟರೆ ಅಡುಗೆಯವನೂ ಬರುತ್ತಿದ್ದನೇನೋ. ಸುಳ್ಳಿಗೆ ಇಷ್ಟು ಚುರುಕಾಗಿ ಬಡಗಿ ಕೆಲಸ ಮಾಡುವ ಈ ಅಣ್ಣತಮ್ಮಂದಿರು ಮನೆಯ ಸೋರುವ ನಲ್ಲಿಗೆ ಒಂದು ವಾಷರ್ ಹಾಕಿದವರಲ್ಲ.

"ಹಾಗಾದ್ರೆ ಅನುಮಾನಾನೇ ಇಲ್ಲ, ದೊಡ್ಡದೇ!" ಮಾರಾಟಗಾರ ಕುಣಿದ. "ಡೆಮೊ ಗಾಡಿ ತಗೊಂಡು ಬರ್ತೀನಿ ಸಾರ್. ಬೋಟ್ ಎಲ್ಲಿದ್ರೆ ಅಲ್ಲಿಗೇ ಹೋಗಿ ಕಟ್ಟಿ ಎಳೆದು ನೋಡೋಣ. ಅದು ನಮ್ಮ ಸೌಭಾಗ್ಯ."

"ಅದಕ್ಕೇನು ಅವಸರ" ಎಂದ ಗಂಡ ತಟ್ಟನೆ. "ಬೋಟು ಈಗ... ಪೇಂಟಿಗೆ ಹೋಗಿದೆ."

ದೊಡ್ಡ ಗಾಡಿ ಷೋರೂಮಿನ ನಡುಮಧ್ಯೆ, ಬೇರೆಯವು ಹತ್ತಿರ ಬರಕೂಡದೆಂಬಂತೆ ಒಂದು ಕಟ್ಟೆಯ ಮೇಲೆ ನಿಂತಿತ್ತು. ಬಾನೆಟ್ಟು ಟ್ಯಾಂಕಕ್ಕನ ಗದ್ದಕ್ಕೆ ಬರುತ್ತಿತ್ತು. ಭಾವ ಹತ್ತಿ ಕೂತು ಸ್ಟೀರಿಂಗ್ ಸವರಿದ. ಗಂಡ ಪಕ್ಕ ಕೂತು ಅಣ್ಣ ಸವರುವುದನ್ನು ನೋಡಿದ. ಅವಳು ಗಾಡಿಯನ್ನೊಂದು ಸುತ್ತು ಬಂದು, "ಇದು ಯೂ ಟರ್ನ್ ಹೊಡೆಯೋಕೆ ಎಷ್ಟು ಜಾಗ ಕೇಳತ್ತೆ? ಹಿಂದೆ ಟ್ರೇಲರ್ ಇಟ್ಕೊಂಡು?" ಎಂದಳು. ಕಟ್ಟಡಗಳ ಗೇಟು ಎಷ್ಟು ಇಕ್ಕಟ್ಟೆಂಬುದು ಅವಳ ಹಳೆಯ ಪಿಕಪ್ಪಿನ ಎರಡೂ ಮಗ್ಗುಲಿಗೆ ಗೊತ್ತಿತ್ತು.

ಕೇಳಿದವಳು ಅವಳು. ಮಾರಾಟಗಾರ ಉತ್ತರ ಕೊಟ್ಟದ್ದು ಗಂಡನಿಗೆ. "ರಿವರ್ಸ್ ಕ್ಯಾಮರಾ ಇದೆ ಸಾರ್, ಏನೂ ತೊಂದರೆ ಇಲ್ಲ."

"ಅವಳಿಗೇನಂತೆ" ಎಂದು ಗಂಡ ಮೇಲಿನಿಂದಲೇ ಹೇಳಿದ. "ಓಡ್ಸೋದು ನಾನು."

"ಅದೇ ಮತ್ತೆ! ಯಜಮಾನ್ರು ಓಡ್ಸೋವಾಗ ನಿಮಗ್ಯಾಕೆ ಮೇಡಂ ತಲೆಬಿಸಿ?"

ಓಡಿಸುವುದು ನಾನು. ಬೆಳಿಗ್ಗೆಯಿಂದ ಸುತ್ತಿ ಬಳಸಿ ಆಡುತ್ತಿದ್ದ ಮಾತು ಕಡೆಗೂ ಬಟ್ಟೆ ಬಿಚ್ಚಿ ನಿಂತಿತ್ತು. ಗಾಡಿ ದೊಡ್ಡದಾದಷ್ಟೂ ಅವಳು ಸ್ಟೀರಿಂಗಿನಿಂದ ದೂರ, ಅಳತೆ ಅಷ್ಟೇ. ಗಂಡ ಕೆಳಗಿಳಿದು, ಮುಂಗಡ ಕಟ್ಟಿಬಿಡೋಣ ಎನ್ನುತ್ತ, ಅಡುಗೆಮನೆಯ ಡಬ್ಬಿಗೆ ಕೈಹಾಕುವ ಸಲಿಗೆಯಲ್ಲಿ ಅವಳ ಬ್ಯಾಗಿಗೆ ಕೈ ಚಾಚಿದ.

ಅವಳು ಬ್ಯಾಗನ್ನು ಕಂಕುಳಿಗೆ ಒತ್ತಿಕೊಂಡಳು.

"ದೋಣಿ ಅಲ್ಲ ಕಣ್ರೀ" ಎಂದಳು ಮಾರಾಟಗಾರನಿಗೆ. "ಕಕ್ಕಸು."

"ಏನ್ಮೇಡಂ?"

"ಎಳೆಯೋದು. ಮೂರು ಕಕ್ಕಸು, ಒಂದು ಟ್ಯಾಂಕು. ಹೋಗೋವಾಗ ಖಾಲಿ, ಬರೋವಾಗ ತುಂಬಿರತ್ತೆ. ಏನು ತುಂಬಿರತ್ತೆ ಅಂತ ಬಿಡಿಸಿ ಹೇಳ್ಬೇಕಾ?"

ಹೊಳೆಯುವ ಆ ನೆಲದ ಮೇಲೆ ಅಂಥ ಮಾತು ಎಂದೂ ಬಿದ್ದಿರಲಿಲ್ಲ. ಭಾವ ಚಾವಣಿಯ ದೀಪಗಳನ್ನು ಪರೀಕ್ಷಿಸತೊಡಗಿದ. ಗಂಡ ನಕ್ಕ, ನಗು ಮುಖದವರೆಗೆ ಬಂದು ಅಲ್ಲೇ ಹುಳಿಯಾಯಿತು. "ಇವಳದ್ದು ಬರೀ ತಮಾಷೆ."

"ತಮಾಷೆ ದೋಣೀದು. ಇದು ಕಸುಬು."

ಮಾರಾಟಗಾರ ಒಂದು ಹೆಜ್ಜೆ ಹಿಂದೆ ಸರಿದ. ದೋಣಿಯನ್ನು ಹುಡುಕಿಕೊಂಡು ಹೋಗಿ ಕಟ್ಟುತ್ತೇನೆಂದಿದ್ದವನ ಸೌಭಾಗ್ಯ ಈಗ ಟೈ ಸಡಿಲಿಸುತ್ತಿತ್ತು. "ಅಂದ್ರೆ ಮೇಡಂ, ಡೆಮೊ ಗಾಡಿಗೆ ಅದನ್ನೆಲ್ಲ ಕಟ್ಟೋದು ಅಂದ್ರೆ... ಬೇರೆ ಗಿರಾಕಿಗಳೂ ಕೂರ್ತಾರೆ ನೋಡಿ. ವಾಸನೆ ಅದೂ ಇದೂ..."

"ಕಟ್ಟೋದು ಕೊಕ್ಕೆಗೆ, ಸೀಟಿಗಲ್ಲ."

"ಆದ್ರೂ ಮೇಡಂ, ನಮ್ಮ ಕಂಪನಿ ಗೌರವ..."

ಗೌರವ ಎಂಬ ಪದ ಕೇಳಿದ್ದೇ ಅವಳಿಗೆ ಪಿತ್ತ ನೆತ್ತಿಗೇರಿತು. ಅವನ ಬೆನ್ನ ಹಿಂದಿನ ಗೋಡೆಗೆ ದೊಡ್ಡದೊಂದು ಫೋಟೊ ಹಾಕಿದ್ದರು: ಮೈದಾನ, ಬಲೂನು, ಹೊಸ ಗಾಡಿಯ ಸುತ್ತ ಟೈ ಕಟ್ಟಿದವರ ಸಾಲು.

"ಇದು ನೀವು ಹೊಸ ಗಾಡಿ ಬಿಟ್ಟ ದಿನ ಅಲ್ವಾ? ಅಲ್ಲಿ ಮೂಲೇಲಿ ಬಿಳಿ ಪರದೆ ಕಾಣತ್ತಲ್ಲ, ಅದರ ಹಿಂದೆ ನಿಂತಿದ್ದದ್ದು ನನ್ನ ಟ್ರೇಲರ್ರೇ. ಊಟ ಆದ್ಮೇಲೆ ನೀವು ಮೇಲಿಂದ ಮೇಲೆ ಬಂದ್ರಿ. ಕೊನೇ ಸಲ ಅಂತೂ ಟೈ ಹೆಗಲ ಮೇಲೆ ಎಸ್ಕೊಂಡು ಓಡ್ಕೊಂಡೇ ಬಂದ್ರಿ. ನಾನು ಬಕೆಟ್ ಹಿಡ್ಕೊಂಡು ಪಕ್ಕದಲ್ಲೇ ಇದ್ದೆ. ನಿಮಗೆ ನಾನು ಕಾಣ್ಲಿಲ್ಲ, ಹೋಗ್ಲಿ. ಆವತ್ತು ವಾಸನೇನೂ ಬರ್ಲಿಲ್ವಾ?"

ಕ್ಯಾಷ್ ಕೌಂಟರಿನ ಹುಡುಗಿ ಕಂಪ್ಯೂಟರಿನ ಹಿಂದೆ ಮುಖ ಹುದುಗಿಸಿಕೊಂಡಳು. ಅವಳ ಭುಜ ಕುಣಿಯುತ್ತಿತ್ತು. ಮಾರಾಟಗಾರ ಫೋಟೊಗೆ ಅಡ್ಡವಾಗಿ ಸರಿದು ನಿಂತ.

ಭಾವ ಚಾವಣಿಯ ದೀಪಗಳನ್ನು ಬಿಟ್ಟು ಗಾಡಿಯಿಂದ ಕೆಳಗಿಳಿದ. "ನೋಡಮ್ಮ, ಮನೆ ಮರ್ಯಾದೇನ ಬೀದಿಗೆ ತಂದುಬಿಟ್ಟೆ. ನನ್ನ ಜೊತೆ ಬೆಟ್ಟಕ್ಕೆ ಬರೋರೆಲ್ಲ ಎಂಥೆಂಥವರು ಗೊತ್ತಾ? ಕಕ್ಕಸು ಎಳೆದ ಗಾಡೀಲಿ ಅವರನ್ನ ಹೆಂಗೆ ಕೂರಿಸಲಿ? ಇನ್ನು ಆ ಗಾಡಿ ಹತ್ತಿರಾನೂ ನಾನು ಸುಳಿಯಲ್ಲ."

"ಆಗ್ಲಿ ಭಾವ." ಅವಳು ಮಾರಾಟಗಾರನ ಕಡೆ ತಿರುಗಿದಳು. "ಬೆಟ್ಟ ಹತ್ತೋರು ಇಳ್ಕೊಂಡ್ರು. ದೊಡ್ಡದು ಬೇಡ."

"ಏನೇ ಇದು?" ಗಂಡನ ದನಿ ಕೀರಲಾಯಿತು. "ಹಾಗಾದ್ರೆ ಕೇಳಿಸ್ಕೋ. ಆ ಹೊಲಸಿನ ಗಾಡೀಲಿ ನಾನು ಆಫೀಸಿಗೆ ಹೋಗಲ್ಲ. ಗೇಟಲ್ಲಿ ಹೆಂಗೆ ತಲೆ ಎತ್ಕೊಂಡು ಇಳೀಲಿ?"

ಇದು ಅವನ ಹಳೆಯ ಆಯುಧ. ಊಟ ಮಾಡಲ್ಲ, ಮಾತಾಡಲ್ಲ, ಹೋಗಲ್ಲ. 'ಒಲ್ಲೆ' ಎಂದು ಹೇಳಿ ಮುಖ ಊದಿಸಿ ಕೂತರೆ ಸಾಕು, ಮದುವೆಯಾದಾಗಿನಿಂದ ಅವಳು ಬಂದು ಗಲ್ಲ ಹಿಡಿದು ಬೇಡುತ್ತಿದ್ದಳು. ಈಗಲೂ ಅವನು ಮುಖ ಊದಿಸಿ, ಗಲ್ಲವನ್ನು ಸ್ವಲ್ಪ ಮುಂದೆ ಚಾಚಿ, ಕಾದ.

"ಹೋಗಲ್ವಾ?" ಎಂದಳು ಅವಳು.

"ಹೋಗಲ್ಲ."

"ಆಮೇಲೆ ಮಾತು ಬದಲಾಯಿಸಬಾರದು, ರೀ."

"ಬೇಕಾದ್ರೆ ಬಸ್ಸಲ್ಲಿ ಜೋತು ಬೀಳ್ತೀನಿ. ಅದರಲ್ಲಿ ಮಾತ್ರ ಹೋಗಲ್ಲ!"

"ಕೇಳಿಸ್ಕೊಂಡ್ರಲ್ಲ" ಎಂದಳು ಮಾರಾಟಗಾರನಿಗೆ. "ಆಫೀಸಿಗೆ ಹೋಗೋರೂ ಇಳ್ಕೊಂಡ್ರು. ಹಿಂದಿನ ಸೀಟೂ ಬೇಡ. ಮಧ್ಯಮದ್ದರಲ್ಲಿ ಸಿಂಗಲ್ ಕ್ಯಾಬಿನ್ ಇದ್ರೆ ತೋರಿಸಿ."

"ಅಷ್ಟಕ್ಕೆ ಚಿಕ್ಕದೇ ಆಗಲ್ವಾ ಮೇಡಂ?" ಮೊದಲ ಸಲ ಅವನು ಅವಳ ಮುಖ ನೋಡಿ ಮಾತಾಡಿದ್ದ.

"ಇಳಿಜಾರಲ್ಲಿ ತುಂಬಿದ ಟ್ಯಾಂಕು ಹಿಂದಿಂದ ನೂಕತ್ತೆ. ಚಿಕ್ಕದು ತಡ್ಕೊಳ್ಳಲ್ಲ. ನಡೀರಿ."

ಸಿಂಗಲ್ ಕ್ಯಾಬಿನ್ ಇದ್ದದ್ದು ಷೋರೂಮಿನಲ್ಲಲ್ಲ, ಹಿತ್ತಿಲಿನಲ್ಲಿ, ಖಾಲಿ ರಟ್ಟಿನ ಪೆಟ್ಟಿಗೆಗಳ ಪಕ್ಕ. ದುಡಿಯುವ ಗಾಡಿಯನ್ನು ಗಿರಾಕಿಗಳ ಕಣ್ಣಿಗೆ ಬೀಳದ ಹಾಗೆ ಇಟ್ಟಿದ್ದರು. ಮೈಮೇಲೆ ಧೂಳು, ಹಿಂದೆ ಗಟ್ಟಿ ಕೊಕ್ಕೆ, ಒಳಗೆ ಎರಡೇ ಸೀಟು. ಅವಳು ಒಂದರಲ್ಲಿ ಕೂತಳು. ಕಾಲು ಪೆಡಲಿಗೆ ಸರಿಯಾಗಿ ನಿಲುಕಿತು. ಇನ್ನೊಂದರಲ್ಲಿ ಮಾರಾಟಗಾರ ಮುದುರಿ ಕೂತ.

ಗಂಡ ಕಿಟಕಿಯ ಹತ್ತಿರ ಬಂದ. ಊದಿಸಿದ ಮುಖ ಅರ್ಧ ಇಳಿದಿತ್ತು. "ನಾನೆಲ್ಲಿ ಕೂರ್ಲಿ?"

"ನಿಮ್ಮಣ್ಣನ ಗಾಡೀಲಿ ನಾಲ್ಕು ಸೀಟು ಖಾಲಿ ಇದ್ಯಲ್ಲ."

"ಅಲ್ಲ ಕಣೆ, ನಾಳೆಯಿಂದ ನಾನು ಹೆಂಗೆ ಹೋಗ್ಲಿ?"

"ಬಸ್ಸಲ್ಲಿ ಹೋಗಿ. ಬೇಜಾರಾದ್ರೆ ದೋಣಿ ಇದ್ಯಲ್ಲ, ಎರಡು ಮೋಟಾರಿಂದು."

ಶೆಡ್ಡಿನಲ್ಲಿ ಅವಳೇ ಇಳಿದು ಟ್ರೇಲರ್ ಕಟ್ಟಿದಳು. ಮಾರಾಟಗಾರ ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದ. ತೊಳೆದಿಟ್ಟ ಟ್ರೇಲರಿನಿಂದ ಫಿನಾಯಿಲ್ ವಾಸನೆ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಟ್ರಯಲ್ ಎಂದರೆ ವೃತ್ತದವರೆಗೆ ಹೋಗಿ ಬರುವುದು ಎಂದು ಅವನು ಹೇಳಿದ. ಹೌದಾ ಎಂದು ಅವಳು ವೃತ್ತ ದಾಟಿ, ಪೇಟೆ ದಾಟಿ, ಕಟ್ಟಡದ ಗೇಟಿಗೆ ಬಂದು, ಹಿಂದಕ್ಕೆ ಮುಂದಕ್ಕೆ ಎಳೆದಾಡದೆ ಒಂದೇ ಸಲಕ್ಕೆ ಒಳಗೆ ತಿರುಗಿಸಿದಳು. ಗುತ್ತಿಗೆದಾರ ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದವನು ಕೈಯಾಡಿಸಿ ಏನೋ ಕೇಳಿದ. ಅವಳು ಅವನತ್ತ ತಿರುಗಿ ಸಹ ನೋಡಲಿಲ್ಲ.

ಗಾರೆ ಬಾಣಲಿ ಕೆಳಗಿಟ್ಟು ಹೆಂಗಸರು ಒಬ್ಬೊಬ್ಬರಾಗಿ ಬಂದರು. ಓಡಿದರೆ ನಗುತ್ತಾರೆಂದು ಓಡದೆ, ಆದರೂ ಬೇಗ ಬೇಗ. ಮುಂದೆ ಬಂದವಳು ಗಾಡಿಯ ಮೈ ಮುಟ್ಟಿ, "ಯಾರದಕ್ಕಾ ಇದು, ನಿಂದಾ?" ಎಂದು ಕೇಳಿದಳು.

"ನೋಡ್ತಾ ಇದೀನಿ. ಮೊದ್ಲು ನೀನು ಹೋಗಿ ಬಾರೇ."

ಮಾರಾಟಗಾರ ಗಡಿಯಾರ ನೋಡಿಕೊಂಡ. "ಮೇಡಂ, ಇನ್ನು ಹೊರಡೋಣ್ವಾ?"

"ಇರ್ರೀ" ಎಂದಳು ಟ್ಯಾಂಕಕ್ಕ. "ಇನ್ನೂ ಸಾಲು ಕರಗಿಲ್ಲ."