ಎಡಗೈಗೆ ಒಂದು ಏಟು

ಬಿಸಿಯಾದ ಆಂಪ್ಲಿಫೈಯರ್ ಮೇಲೆ ಧೂಳು ಸುಟ್ಟಂಥ ವಾಸನೆ. ಅಪ್ಪನಿಗೆ ಕೊನೆಯದಾಗಿ ತೊಡಿಸಲು ಕೋಟು ಹುಡುಕುತ್ತ ಬೀರುವಿನೊಳಗೆ ತಲೆ ಹಾಕಿದ್ದ ಮಗಳಿಗೆ ಆ ವಾಸನೆಯಿಂದ, ಶೆಡ್ಡಿನ ಮೂಲೆಯಲ್ಲಿ ಕಿವಿ ಮುಚ್ಚಿಕೊಂಡು ಕೂರುತ್ತಿದ್ದ ತನ್ನ ಆರನೇ ವರ್ಷ ನೆನಪಾಯಿತು. ಅಪ್ಪನ ಗಿಟಾರು, ಅವನ ಗೆಳೆಯ ಡ್ರಮ್ ಮಾಮನ ಅಬ್ಬರ, ಇಬ್ಬರೂ ಸೇರಿ ಕಟ್ಟಿದ ಒಂದೇ ರಾಕ್ ಹಾಡು.

ಕೋಟಿನಡಿಯಲ್ಲಿ ದಾರ ಕಟ್ಟಿದ ಕಾಗದದ ಕಟ್ಟಿತ್ತು. ಆ ರಾಕ್ ಹಾಡನ್ನೇ ಅಪ್ಪ ಅರವತ್ತು ಜನರ ಆರ್ಕೆಸ್ಟ್ರಾಗೆ ಹೊಂದಿಸಿ ಬರೆದಿದ್ದ. ಮೇಲೆ ಪೆನ್ಸಿಲಿನಲ್ಲಿ: 'ಡ್ರಮ್ಮಿನವನು ಬರದೆ ನುಡಿಸಬೇಡಿ.'

ಮಧ್ಯಾಹ್ನ ಅಭ್ಯಾಸದ ಹಾಲಿನಲ್ಲಿ ಶವಪೆಟ್ಟಿಗೆಯ ಸುತ್ತ ವಾದ್ಯದವರು ಕೂತರು. ಅಪ್ಪ ಮೂವತ್ತು ವರ್ಷ ಅವರಿಗೆ ಸ್ವರಲಿಪಿ ನಕಲು ಮಾಡಿಕೊಟ್ಟವನು.

"ನಾನು ಉಸಿರಾಡೋಕೂ ಪುಟದಲ್ಲಿ ಜಾಗ ಬಿಡ್ತಿದ್ದ ಪುಣ್ಯಾತ್ಮ," ಎಂದ ತುತ್ತೂರಿಯವನು. "ನನ್ನ ಹೆಂಡ್ತಿನೂ ಅಷ್ಟು ಬಿಟ್ಟಿಲ್ಲ."

ಯಾರೂ ನಗಲಿಲ್ಲ.

"ಮೂರಕ್ಕೆ ಗಾಡಿ ಬರುತ್ತೆ ಮಗಳೇ," ಎಂದರು ವಾದ್ಯವೃಂದದ ನಿರ್ದೇಶಕರು. "ಆ ಡ್ರಮ್ಮಿನವನು ಬರ್ತಾನಾ?"

"ಫೋನ್ ಎತ್ತಿದ್ರು. ಮಾತಾಡ್ಲಿಲ್ಲ."

"ಬರದಿದ್ರೆ?"

"ಕಟ್ಟು ಅಪ್ಪನ ಜೊತೆಗೇ ಮಣ್ಣಿಗೆ ಹೋಗುತ್ತೆ."

*

ಅವಳಿಗಾಗ ಹನ್ನೆರಡು. ಅಪ್ಪ ಮೊದಲ ಪುಟವನ್ನು ಡ್ರಮ್ಮಿನ ಮೇಲೆ ಹರಡಿದ್ದ.

"ನಮ್ಮ ಹಾಡಿಗೆ ಕೋಟು ತೊಡಿಸಿ ಪೆಟ್ಟಿಗೇಲಿ ಮಲಗಿಸ್ತಿದ್ದೀಯ ಕಣೋ!" ಮಾಮ ಕೂಗಾಡಿದ. "ಅರವತ್ತು ಜನರ ಮಧ್ಯೆ ನನಗೇನು ಕೆಲಸ? ಹಿಂದೆ ನಿಂತು ಗಂಟೆ ಬಾರಿಸ್ಲಾ?"

"ನೀನಿಲ್ದೆ ನುಡಿಸಲ್ವೋ."

ಮಾಮ ಕೋಲು ಬಿಸಾಕಿ ಹೋದ. ಮುಂದಿನ ಇಪ್ಪತ್ತು ವರ್ಷ ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿಯಲಿಲ್ಲ.

*

ಎರಡೂವರೆಗೆ ಬಾಗಿಲು ಸರಿಯಿತು. ಮಾಮನ ಬಲಗೈ ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು. ಯಾರನ್ನೂ ಮಾತಾಡಿಸದೆ ಡ್ರಮ್ಮಿನ ಮುಂದೆ ಕೂತು ತನ್ನ ಪುಟ ನೋಡಿದ. ಪೂರ್ತಿ ಖಾಲಿ; ಕೊನೆಯಲ್ಲಿ ಒಂದೇ ಒಂದು ಏಟು.

"ಇಷ್ಟೇನಾ? ಸತ್ತ ಮೇಲೂ ಗೇಲಿ ಮಾಡ್ತಾನಾ?"

ಅವಳು ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಉಜ್ಜಿ ಉಜ್ಜಿ ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು. ಅಳಿಸಿದ ನೂರಾರು ಏಟುಗಳ ಗುರುತು ಇನ್ನೂ ಇತ್ತು. ಉಳಿದ ಒಂದರ ಕೆಳಗೆ ಸಣ್ಣ ಅಕ್ಷರ: 'ಎಡಗೈ'.

"ನಂಗೆ ಲಕ್ವ ಹೊಡೆದಿದ್ದು ಅವನಿಗೆ ಯಾರು ಹೇಳಿದ್ರು?"

"ನೀವು ಆಸ್ಪತ್ರೇಲಿದ್ದಷ್ಟು ದಿನ ಅಪ್ಪ ಗೇಟಿನ ತನಕ ಬಂದು ವಾಪಸ್ ಹೋಗ್ತಿದ್ರು ಮಾಮ. ಒಳಗೆ ಬರೋಕೆ ಕಾಲು ಬರ್ತಿರಲಿಲ್ಲ."

ಮಾಮ ಎಡಗೈಯಲ್ಲಿ ಕೋಲು ತೆಗೆದುಕೊಂಡ.

ಗಿಟಾರಿನ ಗುಡುಗನ್ನು ದೊಡ್ಡ ಪಿಟೀಲಿನಂಥ ಚೆಲ್ಲೋಗಳು ಎತ್ತಿಕೊಂಡವು. ಪಿಟೀಲಿನವರು ಕಮಾನಿನ ಬೆನ್ನಿನಿಂದ ತಂತಿ ಕುಟ್ಟಿದರು. ಶೆಡ್ಡಿನ ತಗಡು ನಡುಗಿಸುತ್ತಿದ್ದ ಮಾಮನ ಹಳೆಯ ಏಟುಗಳೇ, ಒಂದೂ ಬಿಡದೆ, ಇಪ್ಪತ್ತು ಕೈಗಳಲ್ಲಿ ಹಂಚಿಹೋಗಿದ್ದವು. ಮಾಮನ ಪಾದ ತಾನಾಗಿ ತಾಳ ಹಾಕಿತು.

ನಿರ್ದೇಶಕರು ಕೊನೆಯ ಏಟಿಗೆ ಕೈ ತೋರಿಸಿದರು. ಕೋಲು ಮೇಲೆದ್ದಿತು. ಅಲ್ಲೇ ನಿಂತಿತು.

ಅವರು ಕಾದರು. ಎಲ್ಲರೂ ಕಾದರು. ಹೊರಗೆ ಗಾಡಿಯ ಹಾರನ್ ಕೇಳಿದಾಗ ನಿರ್ದೇಶಕರು ಕೈ ಇಳಿಸಿದರು.

ಅಪ್ಪನನ್ನು ಹೂಳಿ ಅವಳು ಬಂದಾಗ ಹಾಲಿನಲ್ಲಿ ಕುರ್ಚಿಗಳನ್ನು ಮಡಚುತ್ತಿದ್ದರು. ಮಾಮ ಅಲ್ಲೇ ಕೂತಿದ್ದ, ಕೋಲು ಹಿಡಿದೇ.

"ಯಾವಾಗ್ಲೂ ಬೈತಿದ್ದ ನಿಮ್ಮಪ್ಪ, ಕೊನೇಲಿ ಕೈ ಕೊಡೋನು ನೀನೇ ಅಂತ."

ಅವಳು ಜೊತೆಗೆ ತಂದ ಊಟದ ಡಬ್ಬಿಯ ಬಿಗಿ ಮುಚ್ಚಳವನ್ನು ತಾನೇ ತೆಗೆದು, ಡಬ್ಬಿಯನ್ನು ಅವನ ತೊಡೆಯ ಮೇಲಿಟ್ಟಳು. ಕೋಲನ್ನು ಮೆಲ್ಲನೆ ಬಿಡಿಸಿಕೊಂಡು, ಚಮಚವನ್ನು ಅವನ ಎಡಗೈ ಕಡೆಗೆ ತಿರುಗಿಸಿದಳು.